ಮನೆಯೊಳಗಿನ ನೂರು ಕಿಲೋಮೀಟರ್

ಹುಮನಾಬಾದಿನ ಆಸ್ಪತ್ರೆಯಲ್ಲಿ ಗಂಡ ಅಲ್ತಾಫನ ಹೆಣಕ್ಕೆ ಕಾಯುತ್ತಿದ್ದ ಹೆಂಗಸು, ಬೇರೆ ರೋಗಿಯ ಜೊತೆ ಬಂದು ಕೂತಿದ್ದ ನನ್ನ ಪಕ್ಕದಲ್ಲಿದ್ದ ಅವನ ಗೆಳೆಯನನ್ನು ಕೇಳಿದಳು.

"ರತ್ನದೀಪ ಭಯ್ಯಾ, ಇಬ್ರೂ ಕೂಡೇ ಸೈಕಲ್ ತುಳಿಯಾಕತ್ತಿದ್ರಲ್ಲ?"

"ಹೌದ್ರಿ ಭಾಭಿ. ಅಂವಾ ಬಸವಕಲ್ಯಾಣದಾಗ ನಿಮ್ಮ ಮನಿಯೊಳಗ, ನಾ ಇಲ್ಲಿ ನಮ್ಮ ಮನಿಯೊಳಗ, ನಿಂತಲ್ಲೇ ತುಳಿಯೋ ಸೈಕಲ್ ಮ್ಯಾಲ. ಯಾರು ಮುಂದ ಯಾರು ಹಿಂದ ಅಂತ ಮೊಬೈಲ್‌ನ್ಯಾಗ ನೋಡ್ಕೋತ ಇಪ್ಪತ್ತು ಮಂದಿ ಕೂಡಿ ನೂರು ಕಿಲೋಮೀಟರ್."

"ನಿಧಾನ ತುಳಿ ಅಂತ ಹೇಳಲಿಲ್ಲೇನ್ರಿ?"

"ಹೇಳಿದ್ನಿರಿ. ಮೊದಲ ತಾಸು ಮಾತಾಡ್ಕೋತ ತುಳಿ, ದಮ್ಮು ಉಳಿಸ್ಕೋ ಅಂದೆ. ಕೇಳಲಿಲ್ಲ, ಮುಂದಿನವರ ಬೆನ್ನು ಹತ್ತಿದ."

"ಆಮ್ಯಾಲ?"

"ಎರಡನೇ ತಾಸಿಗೆ ಹಿಂದ ಬಿದ್ದ. ಈಗರೆ ನನ್ನ ಮಾತು ಕೇಳ್ಯಾನ ಅಂತ ಖುಷಿ ಆತು."

"ಫೋನ್ ಮಾಡಲಿಲ್ಲ?"

"ಇಲ್ರಿ. ನೂರೂ ಮುಗಿಸಿದೆ."



"ನನಗೂ ಸೈಕಲ್ ಸಪ್ಪಳ ನಿಂತದ್ದು ಕೇಳಿಸಿತ್ರಿ. ದಮ್ಮು ತಗೊಳ್ಳಾಕತ್ತಾರ ಅಂತ ಒಳಗ ಹೋಗಿ ನೋಡಲಿಲ್ಲ."

ಒಳಗಿನಿಂದ ಕರೆದರು. ಆಕೆ ಎದ್ದು ನಡೆದಳು. ನೂರು ಕಿಲೋಮೀಟರ್ ತುಳಿದ ರತ್ನದೀಪನ ಕಾಲುಗಳು ಬಿಗಿದಿದ್ದವು. ಗೋಡೆ ಹಿಡಿದು ಆಕೆಯ ಹಿಂದೆ ಹೋದ.