ಗಾಳಿ ಕಂಬದ ಮ್ಯಾಲ

ಕರೆಂಟ್ ಹೋದರ ಹೋಗ್ಲಿ, ಕೂಡ್ರಿ... ಇದು ನಮ್ಮ ಚಿಗವ್ವನ ಮಗ ಸಿದ್ದಲಿಂಗಗ ಆಗಿದ್ದು. ಹೋದ ವರ್ಷ ಥಂಡಿ ದಿನದಾಗ, ಆಲಮೇಲದ ಹತ್ತರ ಅವನ ಹೊಲದಾಗ.

ಸಿದ್ದಲಿಂಗಗ ಹವಾಮಾನದ ಹುಚ್ಚು. ಮಳಿ ಅಳಿಯೂ ಡಬ್ಬಿ, ಬಿಸಲು ಅಳಿಯೂ ಯಂತ್ರ ಎಲ್ಲಾ ತರಿಸಿದ್ದ. ಗಾಳಿದೊಂದ ಬಾಕಿ. ಮೊಬೈಲಿನಾಗ ಬರೂದು ಸಿಂದಗಿ ಗಾಳಿ, ಅದನ್ನ ಕಟಗೊಂಡು ನನ್ನ ಕಬ್ಬಿಗೆ ಏನಾಗಬೇಕು ಅಂತಿದ್ದ. ಗಾಳಿಗೆ ಗರಗರ ತಿರಗೂ ಮೂರು ಬಟ್ಟಲು, ದಿಕ್ಕು ತೋರಸೂ ಒಂದು ಬಾಣ... ಇವನ್ನ ಮನಿ, ಮರದ ಅಡ್ಡಿ ಇಲ್ಲದಂಗ ಎತ್ತರದಾಗ ಕೂಡಿಸಬೇಕು. ಅದಕ್ಕಂತ ಸಿಂದಗಿ ಗುಜರಿಯಿಂದ ಒಂದು ಹಳೇ ಕಬ್ಬಿಣದ ಕರೆಂಟ್ ಕಂಬ ತಂದ. ಎರಡು ಮಾಳಗಿ ಎತ್ತರ. ಏರಾಕ ಅಡ್ಡ ಸರಳು ಇದ್ದವು. ಹೊಲದ ನಡುವ ನಿಲ್ಲಿಸಿ ಸುತ್ತಲೂ ತಂತಿ ಬಿಗದ.

ಹಗಲೆಲ್ಲಾ ಗಾಳಿ ಏರಗೊಡಲಿಲ್ಲ. ಹೊತ್ತು ಮುಣಗಿದ ಮ್ಯಾಲ ಗಾಳಿ ನಿಂತಿತು. ಲೈನ್‌ಮನ್‌ಗೋಳು ಕಟಗೊಳ್ಳೂವಂಥ ಬೆಲ್ಟ್ ಹಾಕ್ಕೊಂಡು ಏರಿ, ತುದಿಯೊಳಗ ಅದರ ಕೊಂಡಿ ಕಂಬಕ್ಕ ಸಿಗಿಸಿದ. ಕೆಳಗ ಹೆಂಡತಿ ವಿಜಯಶ್ರೀಯ ತಮ್ಮ ಖಂಡೆಪ್ಪ ನಿಂತಿದ್ದ. ಬಟ್ಟಲು ಕೂಡಿಸೂದ್ರಾಗ ಕತ್ತಲಾತು. ಬಾಣದ ನಟ್ಟು ಕಣ್ಣಿಗೆ ಕಾಣವಲ್ದು, ಕೆಳಗಿಂದ ಹಿಡದ ಮೊಬೈಲ್ ಬೆಳಕು ಅಲ್ಲೀತನಾ ಮುಟ್ಟವಲ್ದು. ಮನಿಗೆ ಹೋಗಿ ಬ್ಯಾಟರಿ ತರ್ತೇನಂತ ಹೇಳಿ ಖಂಡೆಪ್ಪ ಹೊಂಟ. ಅವನ ಚಪ್ಪಲಿ ಸಪ್ಪಳ ಪಟ್... ಪಟ್... ಅಂತ ಆಲದ ಮರದಾಚೆ ಹೋಗಿ ನಿಂತಿತು.

ಕಬ್ಬಿನ ಗರಿ ಸುದ್ದಾ ಅಳ್ಳಾಡವಲ್ದು...

ಟಣ್.

ಕೆಳಗಿನ ಸರಳಿನ ಮ್ಯಾಲ ಯಾರೋ ಕಾಲಿಟ್ಟಂಗ. ಟಣ್... ಟಣ್... ಒಂದೊಂದು ಸಪ್ಪಳಕ್ಕೂ ಕಂಬ ಅವನ ಎದಿಗೆ ನಡಗಿದ್ದು ತಿಳೀತು. ಖಂಡೆಪ್ಪನೇ ತಿರುಗಿ ಬಂದು ಏರಾಕತ್ತಾನ ಅಂದ್ಕೊಂಡು, ಇಬ್ಬರ ಭಾರ ತಡಿಯೂದಿಲ್ಲೋ ಅಂತ ಕೂಗಿದ. ಸಪ್ಪಳ ಅವನ ಅಂಗಾಲಿನ ಕೆಳಗ ಬಂದು ನಿಂತಿತು. ಬಗ್ಗಿ ನೋಡಿದ. ತನ್ನ ಬೂಟು ಬಿಟ್ಟರ ಬರೇ ಕತ್ತಲಿ. ಏರಿ ದಣದವರ ಉಸುರು ಮಾತ್ರ... ಹ್ಹು... ಹ್ಹು...

"ಬೆಲ್ಟ್ ಬಿಚ್ಚ್ರಿ ಮಾಮಾ... ನಾ ಹಿಡದೇನಿ."

ಖಂಡೆಪ್ಪನದ ದನಿ. ಸಿದ್ದಲಿಂಗನ ಹೆಬ್ಬಟ್ಟು ಕೊಂಡಿ ಮ್ಯಾಲ ಹೋತು. ಅರ್ಧ ಒತ್ತಿದ್ದ... ಕಿಸೆದಾಗ ಮೊಬೈಲ್ ಹೊಡಕೊಂಡಿತು. ತಗದು ಕಿವಿಗೆ ಹಿಡದರ ಖಂಡೆಪ್ಪ.

"ಮಾಮಾ, ಬ್ಯಾಟರಿ ಸೆಲ್ ಹೋಗ್ಯಾವ. ಅಕ್ಕ ಬ್ಯಾರೆ ಹುಡಕಾಕತ್ತಾಳ. ನಾ ಬರೂತನಾ ಇಳೀಬ್ಯಾಡ್ರಿ."

ಫೋನಿನ ಹಿಂದ ಮನಿಯೊಳಗಿನ ಕುಕ್ಕರ್ ಸೀಟಿ ಕೇಳಸ್ತು. ವಿಜಯಶ್ರೀ ಡಬ್ಬಿ ಸರಸೂದೂ ಕೇಳಸ್ತು.

ಕೈ ತಾನ ಹಿಂದ ಬಂತು. ಮ್ಯಾಲ ಹೋಗಾಕ ಜಾಗಾ ಇಲ್ಲ. ಕೆಳಗ ಅದು. ಜೀವ ಉಳಿಸಿದ ಬೆಲ್ಟ್ ಈಗ ಅವನ್ನ ಕಟ್ಟಿ ಹಾಕಿದಂಗ ಆತು. ಕಂಬ ಅಪ್ಪಿಕೊಂಡ. ಗಾಳಿಯಿಲ್ಲ, ಆದರ ಮಾರಿ ಹತ್ತರ ಬಟ್ಟಲು ತಿರುಗಾಕ ಹತ್ತಿದವು... ಕಿರ್... ಕಿರ್... ಹೆಂಗೋ ಮಾಡಿ ಪಿಸುಗುಟ್ಟಿದ.

"ಯಾರಪಾ ನೀ... ಮೊದಲ ನೀ ಇಳಿ."

ಈ ಸಲ ಬಂದ ದನಿ ಖಂಡೆಪ್ಪಂದಲ್ಲ. ಗುರುತಿಲ್ಲದ್ದು. ಅಳು ನುಂಗಿದಂಥಾದ್ದು.

"ನನಗ ಇಳಿಯಾಕ ಆಗವಲ್ದು..."

ಅಂಜಿಕಿ ಒಳಗೂ ಸಿದ್ದಲಿಂಗನ ಕರುಳು ಚುರ್ ಅಂತು. ಕಡೀಕೆ ಆಲದ ಮರದ ಕಡಿಂದ ಬೆಳಕು ಓಲಾಡಕೋತ ಬಂತು. ಖಂಡೆಪ್ಪ ಕಂಬದ ಉದ್ದಕ್ಕೂ ಬ್ಯಾಟರಿ ಹೊಡದ. ಯಾರೂ ಇಲ್ಲ. ಆದರ ಇಳೀಬೇಕಂದ್ರ ಅದ ಸರಳಿನ ಮ್ಯಾಲ ಕಾಲಿಡಬೇಕಲ್ಲ... ಸಿದ್ದಲಿಂಗ ಕೊಂಡಿ ಬಿಚ್ಚಿದ, ಕಣ್ಣು ಮುಚ್ಚಿದ, ಕಾಲಿಟ್ಟ. ನೆಲಕ್ಕ ಬಂದಾವನ ಮನಿ ಕಡೆ ನಡದ. ಒಂದು ತಂಬಗಿ ನೀರು ಕುಡದು ಇಬ್ಬರಿಗೂ ಎಲ್ಲಾ ಹೇಳಿದ.

ಬೆಳಿಗ್ಗೆ ಎದ್ದವರು ತಂತಿ ಸಡಲ ಮಾಡಿ ಮೂವರೂ ಕಂಬ ಮಲಗಿಸಿದರು. ರಾತ್ರಿ ಇಬ್ಬನಿ ಬಿದ್ದು ಕಬ್ಬಿಣೆಲ್ಲಾ ತೊಯ್ದು ನೀರಿಳಿಯಾಕತ್ತಿತ್ತು. ತುದಿ ಹತ್ತರದ ಒಂದು ಸರಳು ಮಾತ್ರ, ಯಾರೋ ರಾತ್ರಿಯೆಲ್ಲಾ ಎರಡೂ ಕೈಲೆ ಹಿಡಕೊಂಡಿದ್ದಂಗ, ಎರಡು ಅಂಗೈ ಅಗಲ ಒಣಗಿತ್ತು.

ಇದು ಖರೇ ಐತಿ, ಬೇಕಾದರ ವಿಜಯಶ್ರೀನ ಕೇಳ್ರಿ. ಆಕಿ ಮುಟ್ಟಿ ನೋಡ್ಯಾಳ... ಬೆಚ್ಚಗಿತ್ತಂತ.