ಎರಡೇ ಸೀಟಿನ ಕಾರು

ಹಾಸನದ ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದ ಹಂಸಳ ಕಿವಿಗೆ ಪಕ್ಕದ ಅಕ್ಕ-ತಮ್ಮನ ಮಾತು ಬೇಡವೆಂದರೂ ಬೀಳುತ್ತಿತ್ತು. ಅವರ ತಾಯಿಯನ್ನು ಡಾಕ್ಟರು ಕೈಬಿಟ್ಟಿದ್ದರು. ಉಸಿರಿರುವಾಗಲೇ ಕೊಣನೂರಿನ ಮನೆ ಸೇರಿಸಲೆಂದು ಬಾಡಿಗೆ ಕಾರಿಗೆ ಕಾಯುತ್ತಿದ್ದರು. ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪನೆಯ ವಿದೇಶಿ ಕಾರೊಂದು ರೆಕ್ಕೆಯಂತೆ ಬಾಗಿಲೆತ್ತಿ ನಿಂತಿತ್ತು.

“ಇದೇನ್ಲಾ ಕಾರು, ನೆಲಕ್ಕೆ ಹೊಟ್ಟೆ ಊರ್ಕಂಡು ಕೂತದೆ?”

“ಗಾಳಿ ಸೀಳ್ಕಂಡು ಓಗ್ಲಿ ಅಂತ ಅಂಗೆ ಮಾಡವ್ರೆ ಕಣಕ್ಕ. ಇದಿದ್ದಿದ್ರೆ ಅವ್ವನ್ನ ಬಿರ್ರನೆ ಮನೆ ಸೇರಿಸ್ಬೋದಿತ್ತು.”

“ಸೀಟು ಎಷ್ಟವೆ?”

“ಎರಡೇ. ಓಡ್ಸೋನಿಗೊಂದು, ಅವ್ವಂಗೊಂದು.”

“ಮತ್ತೆ ದಾರೀಲಿ ಅವ್ವನ ಬಾಯಿಗೆ ನೀರು ಬಿಡೋರು ಯಾರ್ಲಾ?”

ತಮ್ಮ ಎದ್ದು ಹೋಗಿ ಚೊಂಬಿಗೆ ನೀರು ತುಂಬಿಸಿಕೊಂಡು ಬಂದ.

ಹಳೆಯ ಅಂಬಾಸಿಡರ್ ಬಂತು. ಹಿಂದಿನ ಸೀಟಿನಲ್ಲಿ ಮೊದಲು ಅಕ್ಕ ಚೊಂಬು ಹಿಡಿದು ಕೂತಳು. ಆಮೇಲೆ ತಾಯಿಯ ತಲೆಯನ್ನು ಅವಳ ತೊಡೆಯ ಮೇಲಿಟ್ಟರು.

“ಬಿರ್ರನೆ ಬಿಡ್ಲಾ ಅಕ್ಕಾ?” ಎಂದ ಡ್ರೈವರ್.

“ಬ್ಯಾಡ ಕಣಪ್ಪ. ನಿಧಾನಕ್ಕೇ ಓಡ್ಸು.”