ಗುರುವಾರದ ಪಾಳಿ

ಗುರುವಾರ ಸಂಜೆ. ಮಳೆ ಬಿಡುವ ಲಕ್ಷಣ ಕಾಣಲಿಲ್ಲ. ಇಸ್ತ್ರಿ ಅಂಗಡಿಯ ಮೇಲಿರುವ ನಮ್ಮ ಬೀದಿಯ ಲೈಬ್ರರಿಯಲ್ಲಿ ಕೊಡೆಗಳನ್ನು ಮೂಲೆಗೆ ನಿಲ್ಲಿಸಿ, ನಾನು, ಬಸ್ ಕಂಡಕ್ಟರು, ಬೇಕರಿಯವನ ಹೆಂಡತಿ ಒಂದೇ ಬೆಂಚಿನ ಮೇಲೆ ಮುದುರಿ ಕೂತಿದ್ದೆವು. ಎಲ್ಲರಿಗಿಂತ ಕೊನೆಗೆ ಮೆಟ್ಟಿಲು ಹತ್ತಿ ಬಂದ ದರ್ಜಿಯಜ್ಜ ಕನ್ನಡಕ ಒರೆಸಿಕೊಂಡು, ನಮ್ಮನ್ನೆಲ್ಲ ಒಮ್ಮೆ ನೋಡಿ, ಶುರು ಮಾಡಿದರು.

"ನೀವೆಲ್ಲ ಈ ಬೀದಿಗೆ ಬರೋಕೆ ಮುಂಚಿನ ಮಾತು... ಸರ್ಕಾರದವರು ಬಂದು, ಬೋರ್ಡು ಹಾಕಿಸ್ತೀವಿ, ಗುಮಾಸ್ತನ್ನ ಕೊಡ್ತೀವಿ ಅಂದ್ರು. ಬೇಡಪ್ಪಾ ಅಂದ್ವಿ. ಗುಮಾಸ್ತ ಬಂದ್ರೆ ಐದು ಹೊಡೆಯೋದೇ ತಡ, ಮೂಗಿನ ಮುಂದೆ ಬೀಗ. ನಮ್ಮ ಕಾನೂನೇ ಬೇರೆ... ದಿನಕ್ಕೊಬ್ಬರ ಪಾಳಿ. ಇರೋದು ಒಂದೇ ಬೀಗದಕೈ, ಅದು ಕೆಳಗೆ ಇಸ್ತ್ರಿಯವನ ಗೋಡೆ ಮೊಳೆಗೆ. ಬಾಗಿಲು ತೆಗೆದವರು, ತಲೆ ಮೇಲೆ ತಲೆ ಬಿದ್ರೂ, ಕೊನೇ ಓದುಗ ಏಳೋ ತನಕ ಅದನ್ನ ಹಾಕೋ ಹಾಗಿಲ್ಲ.

ಗುರುವಾರ ನರ್ಸಕ್ಕನ ಪಾಳಿ. ಆಸ್ಪತ್ರೆಯಿಂದ ರಿಟೈರಾದವಳು, ಮನೇಲಿ ಹೂಂ ಅನ್ನೋಕೂ ಒಂದು ಜೀವ ಇಲ್ಲ. ಹರಿದ ಪುಸ್ತಕ ಕಂಡ್ರೆ ಗಾಯಕ್ಕೆ ಹಾಕೋ ಬಿಳಿ ಪ್ಲಾಸ್ಟರ್ ತಂದು ಬೆನ್ನಿಗೆ ಅಂಟಿಸಿ, 'ಎರಡು ದಿನ ಓಡಾಡಬೇಡ' ಅಂತ ಪುಸ್ತಕಕ್ಕೇ ಹೇಳೋಳು. ನಾನೂ ಒಂಟಿ ಪಿಶಾಚಿ... ನನ್ನವಳು ಹೋದ ಮೇಲೆ ಮನೆ ಅಂದ್ರೆ ಹೆದರಿಕೆ. ಓದಿದ ಪುಟಾನೇ ಮತ್ತೆ ಮತ್ತೆ ಓದ್ತಾ ಇಲ್ಲೇ ಕೂರ್ತಿದ್ದೆ. ನರ್ಸಕ್ಕನಿಗೆ ಅದು ಗೊತ್ತಿತ್ತು, ಏಳಿ ಅಂತ ಒಂದು ದಿನಾನೂ ಅನ್ನಲಿಲ್ಲ. ಮಾತಾಡಿದ್ದು ಕಮ್ಮಿ. ಆದ್ರೆ ಆ ಗುರುವಾರಕ್ಕೋಸ್ಕರ ನಾನು ವಾರವೆಲ್ಲಾ ಕಾಯ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ?

ಅವಳು ತೀರಿಕೊಂಡ್ಲು. ಅವಳ ಪಾಳಿ ಹಂಚೋದು ಯಾರಿಗೂ ನೆನಪಾಗಲಿಲ್ಲ. ಹತ್ತು ಜನ ಸೇರಿ ನಡೆಸೋ ಕೆಲಸ ನೋಡಿ... ಇವನು ನೋಡ್ಕೋತಾನೆ ಅಂತ ಅವನು, ಅವನು ನೋಡ್ಕೋತಾನೆ ಅಂತ ಇವನು. ಆದ್ರೂ ಗುರುವಾರ ಸಂಜೆ ನಾನು ಬಂದ್ರೆ ಬಾಗಿಲು ತೆಗೆದಿರೋದು, ದೀಪ ಹತ್ತಿರೋದು. ಇಸ್ತ್ರಿಯವನೇ ತೆಗೆದಿರ್ತಾನೆ ಅಂದ್ಕೊಂಡೆ. ಹೀಗೇ ಮಳೆಗಾಲ ಕಳೀತು. ಒಂದಿನ ಕಪಾಟಿಂದ ಪುಸ್ತಕ ಎಳೀತೀನಿ... ಬೆನ್ನಿಗೆ ಬಿಳಿ ಪ್ಲಾಸ್ಟರ್. ಹೊಸದು, ಆಸ್ಪತ್ರೆ ವಾಸನೆ ಇನ್ನೂ ಹೋಗಿಲ್ಲ. ಕೆಳಗಿಳಿದು ಇಸ್ತ್ರಿಯವನ್ನ ಕೇಳಿದೆ. 'ಗುರುವಾರ ಬೀಗದಕೈ ಯಾರೂ ಮುಟ್ಟೋದೇ ಇಲ್ವಲ್ಲಜ್ಜ, ನಿಮ್ಮ ಹತ್ರ ಇನ್ನೊಂದಿದೆ ಅಂದ್ಕೊಂಡಿದ್ದೆ' ಅಂದ.

ಆದ್ರೂ ಮುಂದಿನ ಗುರುವಾರ ಬಂದು ಕೂತೆ... ಬರದೇ ಎಲ್ಲಿಗೆ ಹೋಗ್ಲಿ? ಅವತ್ತಿಂದ ಆ ಪಾಳಿ ಇನ್ನೊಬ್ಬರಿಗೆ ಕೊಡೋಕೆ ನಾನು ಬಿಟ್ಟಿಲ್ಲ."

ಅಜ್ಜ ಜೇಬಿಗೆ ಕೈ ಹಾಕಿ, ಬೀಗದಕೈ ತೆಗೆದು ಮೇಜಿನ ಮೇಲಿಟ್ಟರು.

"ಇಸ್ತ್ರಿಯವನು ಬೆಳಿಗ್ಗೆ ಮಗಳ ಮನೆಗೆ ಹೋಗ್ತಾ ಇದನ್ನ ನನ್ನ ಕೈಗೆ ಕೊಟ್ಟು ಹೋದ. ಕೊನೆಗೆ ಬಂದವನು ನಾನು. ಬಾಗಿಲು ತೆಗೆದವರು ನಿಮ್ಮಲ್ಲಿ ಯಾರು?"

ಬೇಕರಿಯವನ ಹೆಂಡತಿ ಕಂಡಕ್ಟರ ಮುಖ ನೋಡಿದಳು. ಅವನು ನನ್ನ ಮುಖ ನೋಡಿದ.

"ಮಳೆ ಕಮ್ಮಿಯಾಯ್ತು, ನೀವು ಹೊರಡಿ," ಎಂದು ಅಜ್ಜ ಪುಸ್ತಕ ಬಿಡಿಸಿದರು. "ನಾನು ಇನ್ನೊಂದು ಪುಟ ಓದ್ತೀನಿ. ನಾನು ಎದ್ದುಬಿಟ್ರೆ ಅವಳು ಬಾಗಿಲು ಹಾಕ್ಕೊಂಡು ಹೊರಡಬೇಕಲ್ಲ... ಪಾಪ, ಎಲ್ಲಿಗೆ ಅಂತ ಹೋಗ್ತಾಳೆ?"